ಬಣ್ಣದ ಡಬ್ಬಿ ಕೆಳಗಿಡಿ ಸ್ವಾಮಿ!

ಮೊನ್ನೆ ಗೆಳೆಯನೊಬ್ಬನಿಗೆ ನನ್ನ ಸಾಕ್ಸ್ ಹೆಣೆಯೋ ಮಿಷನ್ನಿನ ಫೋಟೋ ಕಳಿಸಿದ್ದೆ. "ಸಖತ್ತಾಗಿದೆ ಕಣೋ! ಕಪ್ಪು ಪೇಂಟ್ ಹೊಡೆದು ಹಾಲ್‌ನಲ್ಲಿಡು, ಆಂಟಿಕ್ ಲುಕ್ ಬರುತ್ತೆ" ಅಂದ. ಮೈಯೆಲ್ಲಾ ಉರಿದುಹೋಯ್ತು. ಆಂಟಿಕ್ಕೇ ಆಗಿರೋದಕ್ಕೆ ಆಂಟಿಕ್ ಲುಕ್ ಯಾಕಪ್ಪಾ? ಆದರೆ ಉರಿದದ್ದಕ್ಕೆ ನಿಜವಾದ ಕಾರಣ ಬೇರೆ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಕೆಲಸದ ನಿಮಿತ್ತ ನಾನಿರೋದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಇದೇ ರಾಜ್ಯದ ಬಫಲೋದಲ್ಲಿದ್ದ ಆಟೋ ನಿಟ್ಟರ್ ಅನ್ನೋ ಕಂಪನಿ, 1920ರ ದಶಕದಲ್ಲಿ ಮನೆಯಲ್ಲೇ ಕೂತು ಸಂಪಾದಿಸಿ ಅಂತ ಜಾಹೀರಾತು ಕೊಟ್ಟು ಮಾರುತ್ತಿದ್ದ ಕೈಮಿಷನ್ ಇದು. ಹಳೇ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು.

ನಡುವೆ ಒಂದು ಸಿಲಿಂಡರ್, ಅದರ ಸುತ್ತ ಸಣ್ಣ ಸಣ್ಣ ಕಾಲುವೆಗಳು, ಒಂದೊಂದರಲ್ಲೂ ಒಂದೊಂದು ಸೂಜಿ. ನನ್ನದರಲ್ಲಿ 60. ಸೂಜಿಯ ತುದಿಗೆ ಕೊಕ್ಕೆ, ಕೊಕ್ಕೆಗೊಂದು ಪುಟ್ಟ ಬಾಗಿಲು. ಹ್ಯಾಂಡಲ್ ತಿರುಗಿಸಿದರೆ ಕ್ಯಾಮ್ ಸುತ್ತುತ್ತಾ ಸೂಜಿಗಳನ್ನ ಒಂದೊಂದಾಗಿ ಎತ್ತಿ ಇಳಿಸುತ್ತೆ. ಸೂಜಿ ಏರುವಾಗ ಹಳೇ ಕುಣಿಕೆ ಬಾಗಿಲು ತೆರೆಯುತ್ತೆ, ಕೊಕ್ಕೆ ಹೊಸ ನೂಲು ಹಿಡಿಯುತ್ತೆ, ಇಳಿಯುವಾಗ ಅದೇ ಕುಣಿಕೆ ಬಾಗಿಲು ಮುಚ್ಚಿ ಮೇಲಿಂದ ಜಾರಿಹೋಗುತ್ತೆ. 1840ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಟೌನ್‌ಸೆಂಡ್ ತಲೆಗೆ ಹೊಳೆದ ಸೂಜಿ. ಇವತ್ತಿನ ಕಂಪ್ಯೂಟರ್ ಚಾಲಿತ ಮಿಷನ್ನುಗಳೂ ಹೆಚ್ಚಾಗಿ ಇದೇ ಸೂಜಿಯಲ್ಲೇ ಹೆಣೆಯೋದು!

ಈಗ ತಪ್ಪೊಪ್ಪಿಗೆ. ತಂದ ಮೊದಲ ವಾರ ಸ್ಯಾಂಡ್ ಪೇಪರ್ ಹಿಡಿದು ಬುಡವನ್ನೆಲ್ಲಾ ಉಜ್ಜಿದೆ. ಅಲ್ಲಿ ಯಾರೋ ಮೊಳೆಯಲ್ಲಿ ಗೀಚಿದ್ದ ಮೂರು ಅಂಕಿಗಳಿದ್ದವು. ಉಜ್ಜಿದ ಮೇಲೆ ಉಳಿದದ್ದು ಒಂದೇ. ಮಿಷನ್ ಫಳಫಳ ಹೊಳೀತು, ಒಂದು ಸುತ್ತೂ ಹೆಣೆಯಲಿಲ್ಲ.

ಹೆಣೆಯುವಂತೆ ಮಾಡಿದ್ದು ಸೀಮೆಎಣ್ಣೆ ಮತ್ತು ಹಳೇ ಟೂತ್ ಬ್ರಷ್. ಕಾಲುವೆಗಳಲ್ಲಿ ಗಟ್ಟಿಯಾಗಿದ್ದ ಎಣ್ಣೆಜಿಡ್ಡು ತೆಗೆದೆ, ಬಾಗಿಲು ಸೊಟ್ಟಗಾಗಿದ್ದ ಐದು ಸೂಜಿ ಬದಲಿಸಿದೆ, ಹೊಲಿಗೆ ಮಿಷನ್ ಎಣ್ಣೆ ಬಿಟ್ಟೆ. ಆದರೂ ಕುಣಿಕೆ ಬಿಟ್ಟುಹೋಗ್ತಿತ್ತು. ಕೆಳಗೆ ತೂಗುಹಾಕೋ ಭಾರ ಸಾಲದು ಅಂತ ತಿಳಿಯೋಕೆ ಮೂರು ದಿನ. ಹಿಮ್ಮಡಿಗೆ ಅರ್ಧ ಸೂಜಿಗಳನ್ನ ಮಾತ್ರ ಬಳಸಿ, ಹ್ಯಾಂಡಲನ್ನ ಹಿಂದೆ ಮುಂದೆ ಆಡಿಸಬೇಕು. ಅದಕ್ಕೆ ಇನ್ನೊಂದು ವಾರ. ಆಗಲೇ ಹೊಳೆದದ್ದು. ಹೆಣೆಯುವವರಿಗೆ ಸುತ್ತಿನ ಲೆಕ್ಕವೇ ಪ್ರಾಣ. ಆ ಅಂಕಿಗಳು ಲೆಕ್ಕವೇ ಇರಬೇಕು! ಕಾಲಿಗೆ ಇಷ್ಟು, ಪಾದಕ್ಕೆ ಇಷ್ಟು. ಯಾರದೋ ದುಡಿಮೆಯ ಲೆಕ್ಕವನ್ನ ನಾನು ಹೊಳಪಿಗೋಸ್ಕರ ಅಳಿಸಿಬಿಟ್ಟಿದ್ದೆ. ಗೆಳೆಯನ ಮೇಲೆ ಸಿಟ್ಟು ಬಂದದ್ದು ಇದಕ್ಕೇ.

ನಾವು ಬ್ಲಾಗಿಗರೂ ಕಮ್ಮಿಯಿಲ್ಲ ಬಿಡಿ. ಒರಳುಕಲ್ಲಿನ ಬಗ್ಗೆ ಕಣ್ಣೀರಿಟ್ಟು ಬರೀತೀವಿ, ಮನೆಯ ಒರಳಿಗೆ ನೀರು ತುಂಬಿ ಹೂವು ತೇಲಿಬಿಡ್ತೀವಿ. ರುಬ್ಬಿದವರ ರಟ್ಟೆ ನೋವು ನಮ್ಮ ಬರಹದಲ್ಲಿ ಬರೋದೇ ಇಲ್ಲ. ಈ ಮಿಷನ್ನೂ ಅಷ್ಟೇ. ಹೆಣೆದ ಸಾಕ್ಸನ್ನ ನಾವೇ ಕೊಳ್ತೀವಿ ಅಂದಿದ್ದ ಕಂಪನಿಯನ್ನು ನಂಬಿ ಜನ ದುಡ್ಡು ಹಾಕಿ ಕೊಂಡ ಮಿಷನ್ ಇದು. ಅವರಿಗಿದು ಅಲಂಕಾರವಲ್ಲ, ಅನ್ನ.

ಹಾಗಾದ್ರೆ ಮುಟ್ಟಲೇಬಾರದಾ? ಜಗತ್ತಿಗೆ ಒಂದೇ ಉಳಿದಿರೋ ವಸ್ತುವಾದರೆ ಮ್ಯೂಸಿಯಮ್ಮಿಗೆ ಕೊಡಿ, ಮುಟ್ಟಬೇಡಿ. ಆದರೆ ಸಾವಿರಾರು ತಯಾರಾದ ದುಡಿಮೆಯ ಸಾಮಾನಿಗೆ ಮರ್ಯಾದೆ ಅಂದರೆ ದುಡಿಸೋದು. ತುಕ್ಕನ್ನ ಸೂಜಿ ಓಡಾಡುವ ಕಡೆ ತೆಗೀರಿ. ಬಣ್ಣ ಹೋಗಿದ್ದರೆ ಹೋಗಲಿ, ಅದು ಕೈ ಸವೆದ ಗುರುತು.

ನಿಮ್ಮ ಅಟ್ಟದ ಮೇಲೂ ಅಜ್ಜಿಯ ಹೊಲಿಗೆ ಮಿಷನ್ ಇರಬಹುದು. ಇಳಿಸಿ. ಉಜ್ಜೋ ಮುಂಚೆ ಒಂದು ಫೋಟೋ ತೆಗೀರಿ, ಏನಾದ್ರೂ ಗೀಚಿದೆಯಾ ನೋಡಿ. ಆಮೇಲೆ ಎಣ್ಣೆ ಬಿಡಿ.

ಅಂದಹಾಗೆ, ಮೊದಲ ಜೊತೆ ಸಾಕ್ಸ್ ಆಯ್ತು. ಒಂದು ಉದ್ದ, ಒಂದು ಗಿಡ್ಡ. ಲೆಕ್ಕ ಅಳಿಸಿದ್ದು ನಾನೇ ತಾನೇ!