ಬಂಪರ್ ಬಣ್ಣ ಮತ್ತು ಮಲೆನಾಡಿನ ಮಳೆ

ಕಳೆದ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಬಂದಿದ್ದ ಭಾವನ ಮಕ್ಕಳಿಗೆ ಕವಲೇದುರ್ಗ ತೋರಿಸೋಣ ಅಂತ ಹೊರಟೆ. ಕೆಳದಿ ಅರಸರ ಕೋಟೆ ಅಷ್ಟೊಂದು ಮಳೆಗಾಲ ಕಂಡೂ ನಿಂತಿದೆ. ನನ್ನ ಕಾರಿನ ಬಂಪರ್ ಮಾತ್ರ ಕೆಳಗೆ ಗದ್ದೆ ಬದಿಯ ಜಂಬಿಟ್ಟಿಗೆ ಕಲ್ಲಿಗೆ ತಾಗಿ ಒಂದೇ ಪೆಟ್ಟಿಗೆ ಸೀಳಿತು! ರಿವರ್ಸ್ ತೆಗೆದವನು ನಾನೇ. ಬೈಯೋಣ ಅಂದರೆ ಯಾರೂ ಇರಲಿಲ್ಲ :-)

ಕಂಪನಿ ವರ್ಕ್‌ಶಾಪಿನಲ್ಲಿ "ಹೊಸದೇ ಹಾಕಿ ಸಾರ್, ಇನ್ಶೂರೆನ್ಸ್ ಇದೆಯಲ್ಲ" ಅಂದರು. ಆದರೆ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ಸೂ ಹೋಯಿತು. ಸೀಳು ಗೇಣುದ್ದವೂ ಇರಲಿಲ್ಲ. ಅಷ್ಟಕ್ಕೆ ಇಡೀ ಬಂಪರ್ ಎಸೆಯಲು ಮನಸ್ಸು ಬರಲಿಲ್ಲ.

ಹೊರಗಿನ ಒಬ್ಬ ಪೇಂಟರ್ ಹತ್ತಿರ ಚೌಕಾಸಿ ಮಾಡಿದೆ. ಜೋರು ಮಳೆಯಲ್ಲೇ, ಶೆಡ್ಡಿನಡಿ, ಸಂಜೆಯೊಳಗೆ ಮುಗಿಸಿಕೊಟ್ಟ. ಕನ್ನಡಿಯ ಹಾಗೆ ಹೊಳೀತಿತ್ತು. ತಿಂಗಳೊಳಗೆ, ಕೆಸರು ತೊಳೆಯಲು ಪೈಪ್ ಹಿಡಿದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು.

ಆಮೇಲೆ ತೀರ್ಥಹಳ್ಳಿ ಕಡೆಯ ಹಳೇ ಪೇಂಟರೊಬ್ಬರು ಕಾರಣ ಬಿಡಿಸಿ ಹೇಳಿದರು. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಮಾಮೂಲಿ ಪ್ರೈಮರ್ ಅಂಟುವುದಿಲ್ಲ, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಮೊದಲು ಹೊಡೀಬೇಕು. ತಗಡಿಗೆ ಹಾಕುವ ಪುಟ್ಟಿ ಬಂಪರ್ ಬಾಗಿದಾಗ ಬಿರುಕು ಬಿಡುತ್ತದೆ. ಸೀಳನ್ನು ಒಳಗಿನಿಂದ ಕಾಯಿಸಿ ಬೆಸೆಯಬೇಕು. ಎಲ್ಲಕ್ಕಿಂತ ದೊಡ್ಡದು ತೇವ. ಆಗುಂಬೆ, ಹುಲಿಕಲ್ಲಿನ ಮಳೆ ಸುರಿಯುವ ಸೀಮೆಯಲ್ಲಿ ತೆರೆದ ಶೆಡ್ಡಿನ ಗಾಳಿಯೇ ಒದ್ದೆ. ಪದರಗಳ ನಡುವೆ ನೀರು ಸಿಕ್ಕಿದರೆ ಬಣ್ಣ ಗುಳ್ಳೆ ಏಳದೆ ಇನ್ನೇನಾದೀತು? "ದೀಪಾವಳಿ ಕಳೀಲಿ ಮಾರಾಯ್ರೆ, ಅರ್ಜೆಂಟ್ ಏನು? ಬಂಪರ್ ತುಕ್ಕು ಹಿಡಿಯಲ್ಲ" ಅಂದರು. ಹೌದಲ್ಲ ಅನ್ನಿಸಿತು.

ಡಿಸೆಂಬರಿನಲ್ಲಿ ಮೂರು ದಿನ ಇಟ್ಟುಕೊಂಡು ಮಾಡಿಕೊಟ್ಟರು. ಈ ಮಳೆಗಾಲ ಕಳೆದರೂ ಬಣ್ಣ ಅಲುಗಿಲ್ಲ.

ನನಗೆ ಕಾಡಿದ್ದು ಬೇರೆ. ಅಲ್ಲಿ ಸ್ಪ್ರೇ ಹೊಡೆಯುತ್ತಿದ್ದ ಹುಡುಗನ ಮೂಗಿಗೆ ಇದ್ದದ್ದು ಒಂದು ಟವೆಲ್. ಹೊಳಪಿನ ಕ್ಲಿಯರ್ ಕೋಟ್‌ಗೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಅದನ್ನು ಉಸಿರಾಡಿದರೆ ಆಸ್ತಮಾ ಬರಬಹುದು. ಟವೆಲ್ ಅದನ್ನು ತಡೆಯುವುದಿಲ್ಲ, ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಕೇಳಿದರೆ ಪೇಂಟರ್, "ಅದರ ಖರ್ಚು ಸೇರಿಸಿ ರೇಟ್ ಹೇಳಿದ್ರೆ ನೀವು ಪಕ್ಕದ ಶೆಡ್ಡಿಗೆ ಹೋಗ್ತೀರಿ" ಅಂದರು. ನಾನು ಸುಮ್ಮನಾದೆ. ಮೊದಲ ಸಲ ನಾನು ಹೋಗಿದ್ದು ಆ ಪಕ್ಕದ ಶೆಡ್ಡಿಗೇ ತಾನೆ?

"ನಮ್ಮೂರಲ್ಲಿ ಕ್ವಾಲಿಟಿ ಕೆಲಸ ಸಿಗಲ್ಲ" ಅಂತ ಗೊಣಗುತ್ತೇವೆ. ಕೆಲಸ ಗೊತ್ತಿರುವವರು ಇದ್ದಾರೆ. ಕಾಯುವ ತಾಳ್ಮೆ, ಮಾಸ್ಕಿನ ದುಡ್ಡು ಕೊಡುವ ಮನಸ್ಸು ಇಲ್ಲದ್ದು ನಮಗೆ. ಮುಂದಿನ ಸಲ ಗೀರು ಬಿದ್ದರೆ ನಾನು ರೇಟ್ ಕೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಯಾವ ಪ್ರೈಮರ್? ಹುಡುಗನಿಗೆ ಮಾಸ್ಕ್ ಇದೆಯಾ?

ನಿಮ್ಮೂರಲ್ಲಿ ಹೇಗೆ? ನೀವೇನಂತೀರಿ?