ಫ್ಯೂಸಿನ ಕಣ್ಣಿಗೆ ಬೀಳದ ಬೆಂಕಿ

ನನ್ನ ಹೆಂಡತಿಯ ಅಣ್ಣ ಮಿಷಿಗನ್‌ನಲ್ಲಿ ನೆಲೆಸಿ ಮೂವತ್ತು ವರ್ಷವಾಗುತ್ತ ಬಂತು. ಅವರ ಮನೆಯ ಮುಂದೆ ಇಪ್ಪತ್ತು ವರ್ಷ ದಾಟಿದ ದೊಡ್ಡ ಎಸ್‌ಯುವಿ ಒಂದು ನಿಂತಿರುತ್ತದೆ. ಎಂಟು ಸಿಲಿಂಡರಿನ ಎಂಜಿನ್, ಮೂರು ಸಾಲು ಸೀಟು. ಒಂದು ಸಂಸಾರವನ್ನು ಸಾಮಾನು ಸರಂಜಾಮಿನ ಸಮೇತ ಹೊರುವ ಗಾಡಿ. ಮಕ್ಕಳು ಬೇರೆ ಊರು ಸೇರಿದ ಮೇಲೂ ಅದನ್ನು ಮಾರಲು ಅವರಿಗೆ ಮನಸ್ಸಿಲ್ಲ. ನಾವು ಹೋಗಿದ್ದಾಗ ಒಂದು ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. “ಪೆಟ್ರೋಲ್ ಪಂಪ್ ಹೋಗಿದೆ ಅನ್ಸುತ್ತೆ. ಟ್ಯಾಂಕ್ ಇಳಿಸ್ಬೇಕು” ಎಂದು ಭಾವ ತಲೆಯ ಮೇಲೆ ಕೈಯಿಟ್ಟುಕೊಂಡರು. “ಭಾವ, ಮೊದಲು ಫ್ಯೂಸ್ ಬಾಕ್ಸ್ ತೆಗೆದು ನೋಡೋಣ ಬನ್ನಿ” ಎಂದೆ.

ಸೆಲ್ಫ್ ಹೊಡೆಯದೆ ಬರೀ ಕೀಲಿ ತಿರುಗಿಸಿ ನಿಂತರೆ, ಹಿಂದೆ ಟ್ಯಾಂಕಿನೊಳಗಿರುವ ಪಂಪು ಒಂದೆರಡು ಸೆಕೆಂಡು ಗುಂಯ್ ಎನ್ನಬೇಕು. ಎನ್ನಲಿಲ್ಲ. ಬಾನೆಟ್ಟಿನ ಕೆಳಗಿನ ಕಪ್ಪು ಡಬ್ಬದಲ್ಲಿ ರಿಲೇ ಮಾತ್ರ ಟಕ್ ಎಂದಿತು. “ನೋಡಿ, ಟಕ್ ಅಂತಲ್ಲ, ರಿಲೇ ಸರಿ ಇದೆ” ಎಂದರು ಭಾವ. ಪಕ್ಕದಲ್ಲೇ ಇದ್ದ ಹಾರ್ನಿನ ರಿಲೇ ಅದೇ ನಮೂನೆಯದು. ಅದನ್ನು ಕಿತ್ತು ಪಂಪಿನ ರಿಲೇಯ ಜಾಗದಲ್ಲಿ ಕೂರಿಸಿದೆ. ಪಂಪು ಗುಂಯ್ ಎಂದಿತು, ಎಂಜಿನ್ ಎದ್ದಿತು. ಹಳೆಯ ರಿಲೇಯನ್ನು ಹಾರ್ನಿನ ಜಾಗಕ್ಕೆ ಹಾಕಿ ಒತ್ತಿದರೆ ಡಬ್ಬದಲ್ಲಿ ಅದೇ ಟಕ್, ಹಾರ್ನ್ ಮಾತ್ರ ಮೌನ.

ಆ ಟಕ್ ಎಂಬ ಸದ್ದಿಗೆ ಮೋಸಹೋಗುವವರು ಬಹಳ. ರಿಲೇಯೊಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಒಂದು ಕಡೆ ಕೂದಲೆಳೆಯ ತಂತಿ ಸುತ್ತಿದ ಕಾಯಿಲ್. ಅದಕ್ಕೆ ಬೇಕಾದ್ದು ಒಂದು ಆಂಪಿಯರಿನ ಐದಾರು ಪಾಲಿನಲ್ಲಿ ಒಂದು ಪಾಲಿನಷ್ಟು ಕರೆಂಟು. ಅದು ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆದಾಗ ಇನ್ನೊಂದು ಕಡೆಯ ಎರಡು ಬಿಲ್ಲೆಗಳು ಕೂಡಿಕೊಳ್ಳುತ್ತವೆ, 30 ಆಂಪಿಯರ್‌ವರೆಗೂ ಕರೆಂಟು ಹರಿಯಲು ದಾರಿಯಾಗುತ್ತದೆ. ಟಕ್ ಎಂದರೆ ಪಟ್ಟಿ ಕದಲಿತು ಎಂದಷ್ಟೇ. ವರ್ಷಾನುಗಟ್ಟಲೆ ಕಿಡಿ ಹಾರಿ ಬಿಲ್ಲೆಗಳು ಕಪ್ಪಾಗಿ ಗುಳಿಬಿದ್ದಿದ್ದರೆ, ಕೂಡಿಕೊಂಡರೂ ಅವು ಕೂಡಿದಂತಲ್ಲ. ಅದನ್ನು ಕಿವಿ ಹೇಳಲಾರದು.

ರಿಲೇ ಎಂಬ ಹೆಸರಿನ ಹಿಂದೆ ಕುದುರೆಗಳಿವೆ. ದೂರದ ಪ್ರಯಾಣದಲ್ಲಿ ದಣಿದ ಕುದುರೆ ಬಿಟ್ಟು ಹೊಸ ಕುದುರೆ ಕಟ್ಟುವ ತಾಣಗಳಿಗೆ ಫ್ರೆಂಚರು ಬಳಸುತ್ತಿದ್ದ ಮಾತು ಅದು. ಮೈಸೂರಿನವರಿಗೆ ಈ ಏರ್ಪಾಡು ಹೊಸದಲ್ಲ. ಚಿಕ್ಕದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿದ ಅಂಚೆ ನಡೆದದ್ದು ಹೀಗೆಯೇ, ಕುದುರೆಯ ಬದಲು ಓಟಗಾರರ ಕಾಲಿನ ಮೇಲೆ. ವಿದ್ಯುತ್ತಿನ ಮಟ್ಟಿಗೆ, ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೆ, ಕ್ಷೀಣವಾದ ಕರೆಂಟಿನಿಂದ ಅಯಸ್ಕಾಂತವನ್ನು ಆಡಿಸಿ ದೊಡ್ಡ ಕರೆಂಟನ್ನು ಅಂಕೆಯಲ್ಲಿಡಬಹುದೆಂದು ತೋರಿಸಿದ. ಟೆಲಿಗ್ರಾಫಿನವರು ಅದನ್ನೇ ಹಿಡಿದರು. ನೂರಾರು ಮೈಲಿ ತಂತಿಯಲ್ಲಿ ಸೋತು ಬಂದ ಸಂಕೇತ ಒಂದು ಠಾಣೆಯಲ್ಲಿ ಹೊಸ ಬ್ಯಾಟರಿಯ ಬಲ ಪಡೆದು ಮುಂದೆ ಓಡುತ್ತಿತ್ತು. ಗಾಡಿಯಲ್ಲಿ ಆಗುವುದೂ ಇದೇ. ಸ್ಟಿಯರಿಂಗ್ ಹತ್ತಿರದ ಸಣ್ಣ ಸ್ವಿಚ್ಚಿನಿಂದ ಸಂದೇಶ ತೆಳ್ಳಗಿನ ತಂತಿಯಲ್ಲಿ ಬರುತ್ತದೆ. ಬಲ ಬರುವುದು ಬ್ಯಾಟರಿಯಿಂದ, ದಪ್ಪ ತಂತಿಯಲ್ಲಿ, ನೇರವಾಗಿ.

ರಿಲೇಯ ಕಾಲುಗಳ ಪಕ್ಕ ಕೆತ್ತಿರುವ ಅಂಕಿಗಳು ಜರ್ಮನರ ಮಾನದಂಡದಿಂದ ಬಂದು ಇಂದು ಅನೇಕ ದೇಶಗಳ ಮೆಕ್ಯಾನಿಕ್‌ಗಳ ಭಾಷೆಯಾಗಿವೆ. 85 ಮತ್ತು 86 ಕಾಯಿಲ್‌ನ ಎರಡು ತುದಿಗಳು. 30 ಎಂದರೆ ಬ್ಯಾಟರಿಯಿಂದ ಬರುವ ಲೈನು, 87 ಎಂದರೆ ಕೆಲಸಕ್ಕೆ ಹೋಗುವ ಲೈನು. ಈ ನಾಲ್ಕನ್ನು ನೆನಪಿಟ್ಟುಕೊಂಡು ಟೆಸ್ಟ್ ಲ್ಯಾಂಪ್ ಹಿಡಿದವನಿಗೆ ಈ ಅಂಕಿಗಳಿರುವ ಯಾವ ರಿಲೇಯೂ ಒಗಟಲ್ಲ.

ಭಾವನ ಗಾಡಿಯ ಕಾಲದ ದೊಡ್ಡ ಅಮೆರಿಕನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಡಬ್ಬಗಳಿರುತ್ತವೆ. ಬಾನೆಟ್ಟಿನ ಕೆಳಗೆ, ಬ್ಯಾಟರಿಗೆ ಹತ್ತಿರ ಇರುವುದು ಹಿರಿಯದು: ಅಗಲವಾದ ದೊಡ್ಡ ಫ್ಯೂಸುಗಳು, ರಿಲೇಗಳು. ಅಲ್ಲಿಂದ ಒಳಗೆ ಹೋದ ದಪ್ಪ ತಂತಿಗಳು ಡ್ಯಾಶ್‌ಬೋರ್ಡಿನ ಎಡ ಕೆಳಭಾಗದ ಎರಡನೆಯ ಡಬ್ಬದಲ್ಲಿ ಸಣ್ಣ ಸಣ್ಣ ಕವಲುಗಳಾಗುತ್ತವೆ. ಒಂದೇ ಸಲಕ್ಕೆ ನಾಲ್ಕಾರು ಕೆಲಸಗಳು ನಿಂತರೆ ಹಿರಿಯ ಡಬ್ಬ ನೋಡಬೇಕು, ಒಂದೇ ನಿಂತರೆ ಕಿರಿಯದು. ಮುಂಗಾಜಿನ ಅಂಚಿನಿಂದ ಸೋರಿದ ಮಳೆನೀರು ಈ ಒಳಡಬ್ಬಕ್ಕಿಳಿದು ಹಸಿರು ಕಿಲುಬು ಹಿಡಿದರೆ ಆಗುವ ಚೇಷ್ಟೆಗಳಿಗೆ ಲೆಕ್ಕವಿಲ್ಲ. ವೈಪರ್ ತಾನೇ ಓಡುತ್ತದೆ, ಬಾಗಿಲ ದೀಪ ಆರುವುದಿಲ್ಲ. ಅಂಥದ್ದನ್ನು ಫ್ಯೂಸು ಬದಲಿಸಿ ಸರಿಮಾಡಲಾಗದು.

ಇನ್ನು ಫ್ಯೂಸು. 1970ರ ದಶಕದಲ್ಲಿ ಬಂದ ಚಪ್ಪಟೆ ಕಾಲಿನ ಫ್ಯೂಸಿಗೆ ಬಣ್ಣವೇ ಗುರುತು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಅದರ ನೆತ್ತಿಯ ಮೇಲೆ ಎರಡು ಚುಕ್ಕೆಯಷ್ಟು ಲೋಹ ತೆರೆದಿರುತ್ತದೆ. ಫ್ಯೂಸು ಕೀಳದೆಯೇ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡಲು ಆ ಎಡೆ. ಎರಡೂ ಕಡೆ ಬೆಳಗಿದರೆ ಫ್ಯೂಸು ಸರಿ, ಒಂದೇ ಕಡೆ ಬೆಳಗಿದರೆ ಹೋಗಿದೆ. ಎರಡೂ ಕಡೆ ಕತ್ತಲಾದರೆ ಕೀಲಿ ತಿರುಗಿಸಿ ಇನ್ನೊಮ್ಮೆ ನೋಡಬೇಕು.

ಫ್ಯೂಸು ರೇಡಿಯೋವನ್ನೋ ಪಂಪನ್ನೋ ಕಾಯುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ಅದು ಮುಖ್ಯವಾಗಿ ಕಾಯುವುದು ತಂತಿಯನ್ನು. ಈ ದಪ್ಪದ ತಂತಿ ಇಷ್ಟು ಕರೆಂಟನ್ನು ಮಿತಿಮೀರಿ ಬಿಸಿಯಾಗದೆ ಹೊರಬಲ್ಲದು ಎಂದು ಗಾಡಿ ರೂಪಿಸಿದವರು ಲೆಕ್ಕಹಾಕಿ ಆ ಸಂಖ್ಯೆಯನ್ನು ಬರೆದಿರುತ್ತಾರೆ. 10ರ ಜಾಗಕ್ಕೆ 30 ಹಾಕಿದವನು ತಂತಿಯನ್ನೇ ಫ್ಯೂಸು ಮಾಡುತ್ತಾನೆ. ಅದು ಸುಡುವುದು ಕಾರ್ಪೆಟ್ಟಿನಡಿಯಲ್ಲಿ, ಹತ್ತಾರು ತಂತಿಗಳ ಕಟ್ಟಿನ ಮಧ್ಯೆ. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು.

ಸರಿಯಾದ ಫ್ಯೂಸಿಗೂ ಒಂದು ಮಿತಿಯಿದೆ. 10 ಆಂಪಿಯರಿನ ಫ್ಯೂಸಿನಲ್ಲಿ 11 ಆಂಪಿಯರ್ ಹರಿದರೆ ಅದು 100 ಗಂಟೆಯಾದರೂ ಹೋಗಬಾರದು, ತಯಾರಿಕೆಯ ನಿಯಮವೇ ಹಾಗೆ. ಹದಿಮೂರೂವರೆ ಹರಿದರೆ ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದೊಳಗೆ ಯಾವಾಗಲಾದರೂ ಹೋಗಬಹುದು. 20 ಹರಿದರೆ 5 ಸೆಕೆಂಡಿನೊಳಗೆ ಹೋಗಲೇಬೇಕು. ತನ್ನ ಸಂಖ್ಯೆಗಿಂತ ಕಡಿಮೆ ಹರಿದರೆ? ಫ್ಯೂಸಿಗೆ ಅದು ಕಾಣುವುದೇ ಇಲ್ಲ. 3 ಆಂಪಿಯರ್ ಕರೆಂಟು 12 ವೋಲ್ಟಿನಲ್ಲಿ ಒಂದು ಚುಕ್ಕೆ ಜಾಗದಲ್ಲಿ ಸೋರಿದರೆ ಅಲ್ಲಿ ಹುಟ್ಟುವ ಶಾಖ 36 ವ್ಯಾಟು. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು.

ಇದು ಬರೀ ಲೆಕ್ಕವಲ್ಲ. ಭಾವನ ಗಾಡಿಯ ಮಾತು ಇಲ್ಲಿಗೆ ಬಿಡೋಣ. ಈಗ ಹೇಳುವುದು ಅಮೆರಿಕದ ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿ. ಮಿಷಿಗನ್‌ನ ವೇಯ್ನ್ ಎಂಬಲ್ಲಿ ತಯಾರಾಗಿ 1997ರ ಮಾದರಿಯಾಗಿ ಬಂದ ಫೋರ್ಡ್ ಎಕ್ಸ್‌ಪೆಡಿಷನ್ ಮತ್ತು ಅದೇ ಕಂಪನಿಯ ಇತರ ಅನೇಕ ಗಾಡಿಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರಿನ ಬದಿಯಲ್ಲಿ ಒಂದು ಪುಟ್ಟ ಸ್ವಿಚ್ಚು ಇತ್ತು. ಬ್ರೇಕನ್ನು ಜೋರಾಗಿ ಒತ್ತಿದಾಗ, ಗಾಡಿಯ ವೇಗವನ್ನು ತಾನೇ ಒಂದೇ ಸಮ ಹಿಡಿದಿಡುವ ಕ್ರೂಸ್ ಕಂಟ್ರೋಲನ್ನು ಕಡಿದುಹಾಕುವುದು ಅದರ ಕೆಲಸ; ಸುರಕ್ಷತೆಗೆಂದೇ ಇಟ್ಟದ್ದು. ಒಂದು ಬದಿಯಲ್ಲಿ ಬ್ರೇಕ್ ಆಯಿಲ್, ಇನ್ನೊಂದು ಬದಿಯಲ್ಲಿ ವಿದ್ಯುತ್ ಸಂಪರ್ಕ, ನಡುವೆ ತೆಳ್ಳಗಿನ ಪೊರೆ. ಕೀಲಿ ತೆಗೆದ ಮೇಲೂ ಆ ಸ್ವಿಚ್ಚಿಗೆ ಬ್ಯಾಟರಿಯ ಕರೆಂಟು ಇದ್ದೇ ಇರುತ್ತಿತ್ತು. ವರ್ಷಗಳು ಕಳೆದಂತೆ ಪೊರೆ ಬಿರಿದು ಆಯಿಲ್ ಜಿನುಗಿತು, ಲೋಹ ತುಕ್ಕು ಹಿಡಿಯಿತು, ಕರೆಂಟು ಅಡ್ಡದಾರಿಯಲ್ಲಿ ಹನಿಹನಿಯಾಗಿ ಸೋರತೊಡಗಿತು. ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದ ಗಾಡಿಗಳು, ಎಂಜಿನ್ ಆರಿಸಿ ಎಷ್ಟೋ ಹೊತ್ತಾದ ಮೇಲೆ, ತಾವಾಗಿಯೇ ಹೊತ್ತಿಕೊಂಡವು. ಆ ಲೈನಿಗೆ ಫ್ಯೂಸು ಇರಲಿಲ್ಲವೆಂದಲ್ಲ. ಇತ್ತು. ಬೇರೆ ಹೆಚ್ಚಿನ ಕೆಲಸಕ್ಕೆಂದು ಅಳೆದಿಟ್ಟಿದ್ದ ಅದರ ಕಣ್ಣಿಗೆ ಆ ಸೋರಿಕೆ ಬೀಳಲಿಲ್ಲ.

1999ರಿಂದ 2009ರವರೆಗೆ ಕಂತುಕಂತಾಗಿ ನಡೆದ ಹಿಂಪಡೆತದಲ್ಲಿ (ರಿಕಾಲ್) 1.4 ಕೋಟಿಗೂ ಹೆಚ್ಚು ಗಾಡಿಗಳು ಸೇರಿದವು. ಎಕ್ಸ್‌ಪೆಡಿಷನ್‌ಗಳ ಸರದಿ ಬಂದದ್ದು 2005ರಲ್ಲಿ. ಪರಿಹಾರವಾಗಿ ಕಂಪನಿ ಜೋಡಿಸಿದ್ದೇನು? ಆ ಸ್ವಿಚ್ಚಿನ ತಂತಿಗೆಂದೇ ಪ್ರತ್ಯೇಕ ಸಣ್ಣ ಫ್ಯೂಸು ಇರುವ ಒಂದು ಗೇಣು ವೈರಿಂಗ್. ಇಷ್ಟು ಸಣ್ಣ ತುಂಡು ಮೊದಲೇ ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಯಾವ ತಂತಿಗೆ ಎಷ್ಟು ಫ್ಯೂಸು ಎಂಬುದು ಗುಮಾಸ್ತಿಕೆಯ ಕೆಲಸವಲ್ಲ, ಜೀವದ ಲೆಕ್ಕ.

ನಮ್ಮ ಹಳ್ಳಿಗಳಲ್ಲಿ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸು ಪದೇ ಪದೇ ಹೋದಾಗ ಇನ್ನೆರಡು ಎಳೆ ಸೇರಿಸಿ ಕಟ್ಟುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಪಂಪ್‌ಸೆಟ್ ಓಡುತ್ತದೆ, ಟಿಸಿ ಸುಡುತ್ತದೆ, ಊರು ವಾರಗಟ್ಟಲೆ ಕತ್ತಲಲ್ಲಿ ಕೂರುತ್ತದೆ. ಅದೇ ಕೈಗಳು ಗಾಡಿಗೂ ಬಂದಿವೆ. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ಎರಡು ಕಾಲಿಗೆ ಸುತ್ತಿದ ತಾಮ್ರದ ಎಳೆ ಇಂದಿಗೂ ಕಾಣಸಿಗುತ್ತವೆ. ಹೆಡ್‌ಲೈಟಿಗೆ 60 ವ್ಯಾಟಿನ ಬಲ್ಬ್ ತೆಗೆದು 100ರದ್ದು ಹಾಕಿಸುವವರು ಬಹಳ. ಎರಡು ಬಲ್ಬಿಗೆ 10 ಆಂಪಿಯರ್ ಇದ್ದದ್ದು 16 ದಾಟುತ್ತದೆ. ಸ್ವಿಚ್ಚಿನ ಮೂಲಕವೇ ದೀಪ ಉರಿಯುವ ಹಳೆಯ ಗಾಡಿಯಾದರೆ ಸ್ಟಿಯರಿಂಗ್ ಕೆಳಗಿನ ಸ್ವಿಚ್ಚು ಕರಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಸ್ವಿಚ್ಚಿನ ಹೊರೆ ತಪ್ಪಿಸುವ ರಿಲೇ ವೈರಿಂಗ್ ಕೇಳಿದ ತಕ್ಷಣ ಸಿಗುತ್ತದೆ. ಬ್ಯಾಟರಿಯ ಬುಡದಲ್ಲೇ ಅದಕ್ಕೊಂದು ಫ್ಯೂಸು ಇದೆಯೇ ಎಂದು ಕೇಳಿ ಕೊಳ್ಳಬೇಕು. ಫ್ಯೂಸಿಲ್ಲದ ರಿಲೇ ವೈರಿಂಗ್ ಹಾಕಿಸುವುದಕ್ಕಿಂತ ಮಂದ ಬೆಳಕೇ ಮೇಲು.

ಹಳೆಯ ಗಾಡಿ ಇಟ್ಟುಕೊಂಡಿರುವವರಲ್ಲಿ ನನ್ನದೊಂದು ಕೋರಿಕೆ. ಈ ಭಾನುವಾರ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆಯಿರಿ. ಒಳಮೈಯಲ್ಲಿ ಅಚ್ಚಾಗಿರುವ ನಕ್ಷೆಯೊಡನೆ ಒಂದೊಂದೇ ಬಣ್ಣವನ್ನು ಹೋಲಿಸಿ ನೋಡಿ. ಹಿಂದಿನ ಮಾಲೀಕ ಹಾಕಿಸಿದ ದೊಡ್ಡ ಫ್ಯೂಸು ಇದ್ದರೆ ಅಂದೇ ಬದಲಿಸಿ. ಅಮೆರಿಕದಲ್ಲಿರುವ ನಮ್ಮವರ ಮನೆಯಲ್ಲಿ ಕ್ರೂಸ್ ಕಂಟ್ರೋಲ್ ಇರುವ ಆ ಕಾಲದ ಎಕ್ಸ್‌ಪೆಡಿಷನ್ ಇನ್ನೂ ಓಡುತ್ತಿದ್ದರೆ, ಗಾಡಿಯ 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆಯನ್ನು ಡೀಲರಿಗೆ ಹೇಳಿ, ಆ ಗೇಣು ವೈರಿಂಗ್ ಅದಕ್ಕೆ ಹಾಕಿದ್ದಾರೆಯೇ ಎಂದು ಕೇಳಿ. ಉತ್ತರ ತಿಳಿಯುವವರೆಗೆ ಗಾಡಿಯನ್ನು ಗ್ಯಾರೇಜಿನೊಳಗೆ ನಿಲ್ಲಿಸಬೇಡಿ.