ಲೋಮನಾಳಗಳ ಶೋಧಕನೂ ನಮ್ಮ ಹುಡುಗಿಯರೂ

ಪರೀಕ್ಷೆಯ ಫಲಿತಾಂಶ ಪ್ರಕಟವಾದ ವಾರದಲ್ಲಿ ತಂದೆತಾಯಿಗಳು ನನ್ನ ಕೊಠಡಿಗೆ ಬಂದು ಕೇಳುವ ಪ್ರಶ್ನೆಯು ಬಹುಮಟ್ಟಿಗೆ ಒಂದೇ: “ಅಮ್ಮಾ, ನಮ್ಮ ಹುಡುಗಿಗೆ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕೀತೆ? ಸಿಕ್ಕುವಂತಿದ್ದರೆ ವಿಜ್ಞಾನಕ್ಕೆ ಸೇರಿಸುತ್ತೇವೆ; ಇಲ್ಲವಾದರೆ ಅದರ ಗೊಡವೆ ಏಕೆ?” ಈ ಎಣಿಕೆಯು ತಪ್ಪೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ಒಬ್ಬ ಶರೀರಶಾಸ್ತ್ರಜ್ಞನ ಜೀವಿತದಿಂದ ತಿಳಿಸುತ್ತೇನೆ.

ಡೆನ್ಮಾರ್ಕ್ ದೇಶದ ಆಗಸ್ಟ್ ಕ್ರೋಗ್ (1874–1949) ಎಂಬವರು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿದ್ದು ವೈದ್ಯರಾಗಬೇಕೆಂದೇ. ಆದರೆ ಅದನ್ನು ಬಿಟ್ಟು ಪ್ರಾಣಿಶಾಸ್ತ್ರವನ್ನು ಹಿಡಿದರು. ನಮ್ಮೂರಲ್ಲಾಗಿದ್ದರೆ ಮನೆಯಲ್ಲಿ ಎಷ್ಟು ಅಳು ಎದ್ದೀತು! 1912ರಲ್ಲಿ ಅವರು ಲಿಂಡ್‌ಹಾರ್ಡ್ ಎಂಬ ಸಹೋದ್ಯೋಗಿಯೊಡನೆ, ಮನುಷ್ಯನಿಗೆ ಒಂದು ಅನಿಲವನ್ನು ಉಸಿರಾಡಿಸಿ, ಅದರಲ್ಲಿ ರಕ್ತವು ಎಷ್ಟನ್ನು ಹೀರಿತೆಂಬುದರಿಂದ ಶ್ವಾಸಕೋಶಗಳ ಮೂಲಕ ನಿಮಿಷಕ್ಕೆ ಎಷ್ಟು ರಕ್ತ ಹರಿಯುವುದೆಂದು ಅಳೆದರು. ದೇಹಕ್ಕೆ ಗಾಯವಿಲ್ಲ, ಕತ್ತಿಯಿಲ್ಲ. ದುಡಿಯುವ ಮನುಷ್ಯನಲ್ಲಿ ಆ ಪ್ರವಾಹವು ಹಲವು ಪಾಲು ಹೆಚ್ಚುವುದೆಂದು ಕಂಡಿತು.

ಹಾಗಾದರೆ ದುಡಿಯುವ ಸ್ನಾಯುವಿಗೆ ಅಷ್ಟೊಂದು ಆಮ್ಲಜನಕವು ತಲಪುವ ಬಗೆ ಯಾವುದು? ರಕ್ತವು ಸುತ್ತಿ ಬರುವುದೆಂದು ಹಾರ್ವೆಯು 1628ರಲ್ಲಿ ಸಾಧಿಸಿದ್ದನು. ಧಮನಿಯಿಂದ ಸಿರೆಗೆ ಅದನ್ನು ದಾಟಿಸುವ ಲೋಮನಾಳಗಳನ್ನು ಅವನು ಕಾಣಲಿಲ್ಲ. ಅವನ್ನು 1661ರಲ್ಲಿ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಕಂಡನು. ಕ್ರೋಗರು ಇನ್ನೂ ಮುಂದೆ ಹೋಗಿ, ಜೀವಂತ ಪ್ರಾಣಿಯ ರಕ್ತದಲ್ಲಿ ಮಸಿಯನ್ನು ಸೇರಿಸಿ, ಸ್ನಾಯುವಿನ ತೆಳುತುಂಡಿನಲ್ಲಿ ಮಸಿ ತುಂಬಿದ ನಾಳಗಳನ್ನು ಒಂದೊಂದಾಗಿ ಎಣಿಸಿದರು. ವಿಶ್ರಾಂತಿಯಲ್ಲಿ ಸ್ವಲ್ಪವೇ ತೆರೆದಿದ್ದವು. ದುಡಿಮೆಯಲ್ಲಿ ಒಂದು ಚದರ ಮಿಲಿಮೀಟರಿನಲ್ಲಿ ಸಾವಿರಗಟ್ಟಲೆ. ಇದಕ್ಕಾಗಿ 1920ರ ನೊಬೆಲ್ ಬಹುಮಾನವು ಅವರಿಗೆ ದೊರೆಯಿತು. ವಿಶ್ರಾಂತಿಯಲ್ಲಿಯೂ ಬಹುಪಾಲು ನಾಳಗಳಲ್ಲಿ ರಕ್ತವು ಹರಿಯುತ್ತಲೇ ಇರುವುದೆಂದು ಮುಂದಿನ ಶೋಧಕರು ಅವರ ಲೆಕ್ಕವನ್ನು ತಿದ್ದಿದ್ದಾರೆ. ಅವರ ಪ್ರಶ್ನೆಯು ಮಾತ್ರ ಹಳೆಯದಾಗಿಲ್ಲ.

ಪಾಲಕರು ಮುಖ್ಯವಾಗಿ ಗಮನಿಸಬೇಕಾದದ್ದು ಅವರ ಪತ್ನಿ ಮರೀ ಕ್ರೋಗರನ್ನು. ಈಕೆ ವೈದ್ಯೆ, ನಾಲ್ವರು ಮಕ್ಕಳ ತಾಯಿ. ರೋಗಿಗಳನ್ನು ನೋಡುತ್ತಲೇ ಪ್ರಯೋಗಶಾಲೆಯಲ್ಲಿಯೂ ದುಡಿದರು. ಆಮ್ಲಜನಕವನ್ನು ಶ್ವಾಸಕೋಶಗಳೇ ರಕ್ತಕ್ಕೆ ಸ್ರವಿಸಿ ಕೊಡುತ್ತವೆಂಬುದು ಕ್ರೋಗರ ಗುರು ಬೋರ್ ಎಂಬವರ ಮತವಾಗಿತ್ತು. ಅದು ತಾನಾಗಿಯೇ ಪಸರಿಸಿ ಸೇರುವುದೆಂದು ದಂಪತಿಗಳಿಬ್ಬರೂ ಕೂಡಿ ತೋರಿಸಿದರು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲವು ದಾಟುವ ಪ್ರಮಾಣವನ್ನು ಒಂದೇ ಉಸಿರಿನಲ್ಲಿ ಅಳೆಯಲು ಮರೀ ಅವರು 1915ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿನ ಆಸ್ಪತ್ರೆಗಳ ಪರೀಕ್ಷೆಯೊಂದಕ್ಕೆ ಮೂಲ. ಬಹುಮಾನವಾದರೋ ಒಬ್ಬರ ಹೆಸರಿನಲ್ಲಿದೆ. ಆಕೆಗೆ ಮಧುಮೇಹವಿತ್ತು. 1922ರಲ್ಲಿ ಪತಿಯೊಡನೆ ಅಮೆರಿಕಕ್ಕೆ ಹೋದಾಗ, ಟೊರಾಂಟೋದಲ್ಲಿ ಹೊಸದಾಗಿ ದೊರೆತಿದ್ದ ಇನ್ಸುಲಿನ್ ಔಷಧವನ್ನು ವಿಚಾರಿಸಿ ಬರುವಂತೆ ಒತ್ತಾಯಿಸಿದವರು ಆಕೆಯೇ. ಮರುವರ್ಷವೇ ಡೆನ್ಮಾರ್ಕಿನಲ್ಲಿ ಅದರ ತಯಾರಿಕೆ ನಡೆಯಿತು. ಮಗಳು ಬೋಡಿಲ್ ಸಹ ಶರೀರಶಾಸ್ತ್ರಜ್ಞೆಯಾಗಿ, 1975ರಲ್ಲಿ ಅಮೆರಿಕದ ಶರೀರಶಾಸ್ತ್ರ ಸಂಘಕ್ಕೆ ಮೊದಲನೆಯ ಮಹಿಳಾ ಅಧ್ಯಕ್ಷೆಯಾದರು.

ದೋಷವನ್ನೆಲ್ಲ ಪಾಲಕರ ಮೇಲೆ ಹೊರಿಸಲಾರೆನು. ಕೆಲವು ವರ್ಷಗಳ ಕೆಳಗೆ ಹೃದಯದ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗಿಯು ಎದ್ದು, “ಕೆಂಪು ಗೆರೆಯಿಂದ ನೀಲಿ ಗೆರೆಗೆ ರಕ್ತವು ಎಲ್ಲಿ ದಾಟುತ್ತದೆ? ಚಿತ್ರದಲ್ಲಿ ಕಾಣುವುದಿಲ್ಲವಲ್ಲ” ಎಂದು ಕೇಳಿದಳು. ಪಾಠಗಳು ಬಾಕಿಯಿದ್ದುವು. “ಲೋಮನಾಳಗಳಲ್ಲಿ, ಬರೆದುಕೊ” ಎಂದು ಮುಂದೆ ಸಾಗಿದೆನು. ವೈದ್ಯಕೀಯಕ್ಕೆ ಅಂಕ ಸಾಲದೆಂದು ಆಕೆಯನ್ನು ವಾಣಿಜ್ಯಕ್ಕೆ ಸೇರಿಸಿದರು. ನಾನು ಒಂದು ಮಾತೂ ಆಡಲಿಲ್ಲ.

ನಮ್ಮ ಶಾಲೆಯ ಸೂಕ್ಷ್ಮದರ್ಶಕವು ಬಹುಕಾಲದಿಂದ ಬೀಗ ಹಾಕಿದ ಕಪಾಟಿನಲ್ಲಿದೆ. ಬರುವ ಜೂನಿನಿಂದ ಅದನ್ನು ಹೊರಗಿಡುತ್ತೇವೆ. ಚಿಕ್ಕ ಮೀನಿನ ಬಾಲವನ್ನು ಒದ್ದೆ ಹತ್ತಿಯ ನಡುವೆ ಕೆಲವು ನಿಮಿಷ ಹಿಡಿದರೆ, ಅದಕ್ಕೆ ನೋವಾಗದಂತೆ, ರಕ್ತಕಣಗಳು ಸಾಲಾಗಿ ನುಸುಳುವುದು ಕಾಣುತ್ತದೆ. ಮೊದಲನೆಯ ಶನಿವಾರ ಪಾಲಕರೂ ಹಳೆಯ ವಿದ್ಯಾರ್ಥಿನಿಯರೂ ಬಂದು ನೋಡಬಹುದು. ಆ ಹುಡುಗಿಗೂ ಕಾಗದ ಬರೆದಿದ್ದೇನೆ.